ಜೆ-1 ಎರಡು ವರ್ಷದ ನಿಯಮ: ನೋರಿ ಮಾಡಿಸಬೇಕಾ, ಹಳ್ಳಿ ಆಸ್ಪತ್ರೆಗೆ ಹೋಗಬೇಕಾ, ಊರಿಗೆ ವಾಪಸ್ ಬರಬೇಕಾ?

ವಿನಿಮಯ ಕಾರ್ಯಕ್ರಮಗಳಿಗೆ ಕೊಡುವ ಜೆ-1 ವೀಸಾದಲ್ಲಿ ಅಮೆರಿಕಕ್ಕೆ ಬಂದ ನಮ್ಮವರಲ್ಲಿ ಎರಡು ಥರದವರು ಜಾಸ್ತಿ. ಪಿಎಚ್‌ಡಿ ಮುಗಿಸಿ ಪೋಸ್ಟ್‌ಡಾಕ್‌ಗೆ ಬಂದವರು ಒಂದು, ಎಂಬಿಬಿಎಸ್ ಮುಗಿಸಿ ರೆಸಿಡೆನ್ಸಿ ತರಬೇತಿಗೆ ಬಂದ ಡಾಕ್ಟರುಗಳು ಇನ್ನೊಂದು. ನಮ್ಮ ಮನೆಯಲ್ಲಿ ಎರಡೂ ಇದ್ದೇವೆ. ನಾನು ಲ್ಯಾಬಿನವಳು, ನನ್ನ ಚಿಕ್ಕಪ್ಪನ ಮಗಳು ಡಾಕ್ಟರ್. ಇಬ್ಬರ ವೀಸಾ ಮೇಲೂ ಒಂದೇ ಸಾಲು ಅಚ್ಚಾಗಿತ್ತು: ಸೆಕ್ಷನ್ 212(ಇ), ಎರಡು ವರ್ಷದ ನಿಯಮ ಅನ್ವಯಿಸುತ್ತದೆ. ರೆಸಿಡೆನ್ಸಿಯ ಎರಡನೇ ವರ್ಷ ಮುಗಿಯುವ ಹೊತ್ತಿಗೆ ಅವಳು ಫೋನ್ ಮಾಡಿ, "ಅಕ್ಕಾ, ನೀನು ನೋರಿ ಮಾಡಿಸಿದ್ದೆಯಲ್ಲ, ನನಗೂ ದೊಡ್ಡಪ್ಪನ ಕೈಲೇ ಮಾಡಿಸಿಕೊಡ್ತೀಯಾ?" ಅಂದಳು. ನೋರಿ ಅಂದರೆ ಊರಿಗೆ ಮರಳುವ ಬಾಧ್ಯತೆ ಇಲ್ಲ ಅಂತ ನಮ್ಮ ಸರ್ಕಾರ ಕೊಡುವ ಪ್ರಮಾಣಪತ್ರ. ಅವತ್ತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ವೀಸಾ ಮೇಲಿನ ಸಾಲು ಒಂದೇ, ಆದರೆ ಅದು ಬಿದ್ದ ಕಾರಣ ಒಬ್ಬೊಬ್ಬರಿಗೆ ಒಂದೊಂದು. ನಿಮಗೆ ಯಾವ ದಾರಿ ಅಂತ ಹೇಳುವುದು ಆ ಕಾರಣ. ಪಕ್ಕದ ಲ್ಯಾಬಿನವರು ಏನು ಮಾಡಿದರು ಅನ್ನುವುದಲ್ಲ. ನೋರಿ ಅವಳಿಗೆ ಏನೇನೂ ಉಪಯೋಗಕ್ಕೆ ಬರುತ್ತಿರಲಿಲ್ಲ.

ನಿಯಮ ಏನು ತಡೆಯುತ್ತದೆ ಅಂತ ಮೊದಲು ನೋಡೋಣ. ತವರು ದೇಶದಲ್ಲಿ ಒಟ್ಟು ಎರಡು ವರ್ಷ ಇರುವ ತನಕ ಕೆಲಸದ ಎಚ್, ಎಲ್, ಮದುವೆಯ ಕೆ ವೀಸಾಗಳು ಸಿಗುವುದಿಲ್ಲ, ಗ್ರೀನ್ ಕಾರ್ಡ್ ಸಿಗುವುದಿಲ್ಲ. ಅಮೆರಿಕದ ಒಳಗೇ ಇದ್ದುಕೊಂಡು ಬೇರೆ ಸ್ಟೇಟಸ್‌ಗೆ ಬದಲಾಗುವುದಕ್ಕೂ ಬಹುತೇಕ ದಾರಿ ಮುಚ್ಚಿರುತ್ತದೆ. ಅಮೆರಿಕದ ಪ್ರಜೆಯನ್ನು ಮದುವೆಯಾದರೆ ನಿಯಮ ತಾನಾಗಿ ಹೋಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ, ಹೋಗುವುದಿಲ್ಲ. ಜೆ-2ನಲ್ಲಿ ಬಂದ ಗಂಡ, ಹೆಂಡತಿ, ಮಕ್ಕಳಿಗೂ ಇದೇ ನಿಯಮ. ಪ್ರವಾಸದ ಬಿ ವೀಸಾದಂಥ ಬೇರೆ ವೀಸಾ ಕೇಳಬಹುದು, ಅವಕ್ಕೆ ಇದು ಅಡ್ಡ ಬರುವುದಿಲ್ಲ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. ರಿಸರ್ಚ್ ಸ್ಕಾಲರ್ ಆಗಿ ಬಂದು ಹೋದವರು ಮತ್ತೆ ಅದೇ ವರ್ಗದಲ್ಲಿ ಬರಲು 24 ತಿಂಗಳು ಕಾಯಬೇಕು ಅಂತ ಒಂದು ನಿಯಮ ಇದೆ. ಅದು ಬೇರೆ, ಇದು ಬೇರೆ. ಎರಡು ವರ್ಷದ ನಿಯಮದಿಂದ ವಿನಾಯಿತಿ, ಅಂದರೆ ವೇವರ್, ಸಿಕ್ಕರೂ ಅದು ಹೋಗುವುದಿಲ್ಲ, ಹಾಗೆಯೇ ಅದು ಇದ್ದ ಮಾತ್ರಕ್ಕೆ ನಿಮಗೆ ವೇವರ್ ಬೇಕು ಅಂತಲೂ ಅಲ್ಲ.

ಮೊದಲು ಕಾರಣ ಹುಡುಕಿ

ಕಾರಣಗಳು ಮೂರೇ. ಒಂದು, ನೀವು ಬಂದಿದ್ದಕ್ಕೆ ಅಮೆರಿಕ ಸರ್ಕಾರವೋ ನಮ್ಮ ಸರ್ಕಾರವೋ ದುಡ್ಡು ಕೊಟ್ಟಿದೆ. ಎರಡು, ನಿಮ್ಮ ವಿಷಯ ಯಾವ ದೇಶಕ್ಕೆ ಯಾವ ವಿದ್ಯೆ ಬೇಕು ಅಂತ ಅಮೆರಿಕ ಮಾಡಿದ ಸ್ಕಿಲ್ಸ್ ಲಿಸ್ಟಿನಲ್ಲಿ ನಿಮ್ಮ ದೇಶದ ಹೆಸರಿನ ಕೆಳಗಿದೆ. ಮೂರು, ನೀವು ಡಾಕ್ಟರ್ ಆಗಿ ರೆಸಿಡೆನ್ಸಿ ಅಥವಾ ಫೆಲೋಶಿಪ್ ತರಬೇತಿಗೆ ಬಂದಿದ್ದೀರಿ.

ಎರಡನೇ ಕಾರಣದವರು ಈಗಲೇ ಒಂದು ವಿಷಯ ತಿಳಿದುಕೊಳ್ಳಿ. 2024ರ ಡಿಸೆಂಬರ್ 9ರಿಂದ ಜಾರಿಗೆ ಬಂದ ಹೊಸ ಸ್ಕಿಲ್ಸ್ ಲಿಸ್ಟಿನಲ್ಲಿ ಭಾರತವೇ ಇಲ್ಲ. ಚೀನಾ, ದಕ್ಷಿಣ ಕೊರಿಯಾಗಳೂ ಅದರಿಂದ ಹೊರಗೆ ಬಂದಿವೆ. ಅದಕ್ಕೂ ಮೊದಲು ಇದ್ದದ್ದು 2009ರ ಲಿಸ್ಟ್, ನಾನು ಸಿಕ್ಕಿಕೊಂಡಿದ್ದು ಅದರಲ್ಲಿ. ಈ ಬದಲಾವಣೆ ಹಳಬರಿಗೂ ಅನ್ವಯಿಸುತ್ತದೆ. 2015ರಲ್ಲಿ ಬಂದವರಾದರೂ ಸರಿ, ಬರೀ ಸ್ಕಿಲ್ಸ್ ಲಿಸ್ಟಿನ ಕಾರಣಕ್ಕೆ ನಿಯಮ ಬಿದ್ದಿದ್ದರೆ ಈಗ ನಿಮಗೆ ನಿಯಮವೇ ಇಲ್ಲ. ಇಲ್ಲದ ನಿಯಮಕ್ಕೆ ವೇವರ್ ಯಾಕೆ ಬೇಕು? ಇನ್ನೂ ಎಷ್ಟೋ ಜನ ಸುಮ್ನೆ ಹಳೇ ಪದ್ಧತಿಯಂತೆ ಅರ್ಜಿ ತುಂಬಿ, ಊರಲ್ಲಿ ವಯಸ್ಸಾದ ಅಪ್ಪ ಅಮ್ಮನನ್ನು ಕಚೇರಿಯಿಂದ ಕಚೇರಿಗೆ ಓಡಿಸುತ್ತಿದ್ದಾರೆ. ಅದನ್ನು ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಕಾರಣ ಎಲ್ಲಿ ಸಿಗುತ್ತದೆ? ನಿಮ್ಮ ಜೆ-1ಗೆ ಆಧಾರವಾದ ಡಿಎಸ್-2019 ಫಾರ್ಮ್ ತೆಗೆಯಿರಿ. ಎಡಗಡೆ ಕೆಳಗಿನ ಮೂಲೆಯಲ್ಲಿ ಒಂದು ಸಣ್ಣ ಚೌಕ ಇದೆ. ನಿಯಮ ಅನ್ವಯಿಸುತ್ತದೆಯಾ, ಯಾವ ಕಾರಣಕ್ಕೆ ಅಂತ ಅಲ್ಲಿ ಗುರುತು ಹಾಕಿರುತ್ತಾರೆ. ಆದರೆ ಅದನ್ನೇ ಕೊನೇ ಮಾತು ಅಂದುಕೊಳ್ಳಬೇಡಿ. ವೀಸಾ ಅಧಿಕಾರಿ ಗುರುತು ತಪ್ಪು ಹಾಕಿರಬಹುದು, ಹಾಕದೆಯೂ ಇರಬಹುದು. ಹಿಂದೆ ಯಾವತ್ತೋ ಇನ್ನೊಂದು ಜೆ-1ನಲ್ಲಿ ಬಂದು ಹೋಗಿದ್ದರೆ ಅದರ ಫಾರ್ಮನ್ನೂ ನೋಡಬೇಕು, ಯಾಕೆಂದರೆ ಒಮ್ಮೆ ಬಿದ್ದ ನಿಯಮ ಎರಡು ವರ್ಷ ಪೂರೈಸುವ ತನಕ ಅಥವಾ ವೇವರ್ ಸಿಗುವ ತನಕ ಹಾಗೇ ಉಳಿದಿರುತ್ತದೆ.

ದುಡ್ಡಿನ ವಿಷಯದಲ್ಲೂ ಗಾಬರಿ ಬೀಳುವವರು ಜಾಸ್ತಿ. ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಿಂದ ಪ್ರೊಫೆಸರರಿಗೆ ಬಂದ ಗ್ರಾಂಟಿನಿಂದ ಯೂನಿವರ್ಸಿಟಿ ನಿಮಗೆ ಸಂಬಳ ಕೊಟ್ಟರೆ ಸಾಮಾನ್ಯವಾಗಿ ಅದನ್ನು ಸರ್ಕಾರದ ದುಡ್ಡು ಅಂತ ಲೆಕ್ಕ ಹಾಕುವುದಿಲ್ಲ. ಎನ್‌ಐಎಚ್‌ನ ಸ್ವಂತ ಲ್ಯಾಬಿನಲ್ಲೇ ವಿಸಿಟಿಂಗ್ ಫೆಲೋ ಆಗಿದ್ದರೆ, ಫುಲ್‌ಬ್ರೈಟಿನಲ್ಲಿ ಬಂದಿದ್ದರೆ, ನಮ್ಮ ಸರ್ಕಾರದ ಫೆಲೋಶಿಪ್ ಹಿಡಿದು ಬಂದಿದ್ದರೆ ಆಗ ಅದು ಸರ್ಕಾರದ ದುಡ್ಡು.

ಅನುಮಾನ ಉಳಿದರೆ ಅಮೆರಿಕದ ವಿದೇಶಾಂಗ ಇಲಾಖೆಯಾದ ಸ್ಟೇಟ್ ಡಿಪಾರ್ಟ್‌ಮೆಂಟಿನ ವೇವರ್ ರಿವ್ಯೂ ಡಿವಿಷನ್ನಿಗೆ ಎಲ್ಲ ಡಿಎಸ್-2019ಗಳನ್ನೂ ಕಳಿಸಿ, ನಿಯಮ ನಿಮಗೆ ಇದೆಯಾ ಇಲ್ಲವಾ ಅನ್ನುವ ಅಡ್ವೈಸರಿ ಒಪಿನಿಯನ್ ಕೇಳಿ. ಅದಕ್ಕೆ ದುಡ್ಡಿಲ್ಲ. ಉತ್ತರ ಬರೋಕೆ ಕೆಲವು ವಾರ ಹಿಡಿಯುತ್ತದೆ, ಆದರೆ ಆ ಪತ್ರ ಕೈಯಲ್ಲಿದ್ದರೆ ಮುಂದೆ ಎಚ್-1ಬಿ ಹಾಕುವಾಗಲೂ ಗ್ರೀನ್ ಕಾರ್ಡ್ ಹಾಕುವಾಗಲೂ ಇದೇ ಪ್ರಶ್ನೆ ಮತ್ತೆ ಏಳುವುದಿಲ್ಲ. ನನ್ನ ಕೇಳಿದರೆ ಎಲ್ಲರೂ ಮೊದಲು ಮಾಡಬೇಕಾದ ಕೆಲಸ ಇದೇ.

ನೋರಿ ಯಾರಿಗೆ ಸರಿ

ವೇವರ್‌ಗೆ ಐದು ಆಧಾರಗಳಿವೆ. ತವರು ಸರ್ಕಾರದ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಅಮೆರಿಕದ ಯಾವುದಾದರೂ ಸರ್ಕಾರಿ ಸಂಸ್ಥೆಯ ಶಿಫಾರಸು, ವಾಪಸ್ ಹೋದರೆ ಜನಾಂಗ, ಧರ್ಮ, ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕಿರುಕುಳ ಆಗುತ್ತದೆ ಅನ್ನುವುದು, ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವ ಗಂಡ, ಹೆಂಡತಿ, ಮಕ್ಕಳಿಗೆ ಅಸಾಧಾರಣ ಕಷ್ಟ ಆಗುತ್ತದೆ ಅನ್ನುವುದು, ಕೊನೆಯದಾಗಿ ರಾಜ್ಯದ ಆರೋಗ್ಯ ಇಲಾಖೆಯ ಮೂಲಕ ಡಾಕ್ಟರುಗಳಿಗೆ ಮಾತ್ರ ಸಿಗುವ ಕಾನ್ರಾಡ್ ವೇವರ್.

ಮೊದಲನೆಯದಕ್ಕೆ ಭಾರತದಲ್ಲಿ ಬೇಕಾಗುವ ಕಾಗದವನ್ನೇ ನಾವು ನೋರಿ ಅನ್ನುವುದು. ಭಾರತಕ್ಕೆ ಹಿಂತಿರುಗುವ ಬಾಧ್ಯತೆ ಇಲ್ಲ ಅನ್ನುವ ಪ್ರಮಾಣಪತ್ರ ಅದು. ಖರ್ಚು ಕಡಿಮೆ. ಸ್ಟೇಟ್ ಡಿಪಾರ್ಟ್‌ಮೆಂಟಿನ ಡಿಎಸ್-3035 ಅರ್ಜಿಗೆ 120 ಡಾಲರ್, ಕಾಗದಪತ್ರಗಳಿಗೆ ಒಂದಿಷ್ಟು. ವಕೀಲರಿಲ್ಲದೆ ನೀವೇ ಮಾಡಿಕೊಳ್ಳಬಹುದು, ನಾನೂ ಹಾಗೇ ಮಾಡಿದ್ದು. ಮೊದಲು ಡಿಎಸ್-3035 ಹಾಕಿ ಕೇಸ್ ನಂಬರ್ ತೆಗೆದುಕೊಳ್ಳಬೇಕು. ಆಮೇಲೆ ಪಾಸ್‌ಪೋರ್ಟ್ ಕಚೇರಿ, ರಾಜ್ಯ ಸರ್ಕಾರ, ದೆಹಲಿಯ ಶಿಕ್ಷಣ ಸಚಿವಾಲಯ, ಈ ಮೂರೂ ಕಡೆಯಿಂದ ಅಭ್ಯಂತರ ಇಲ್ಲ ಅಂತ ಬರಬೇಕು. ಕೊನೆಗೆ ಭಾರತೀಯ ಕಾನ್ಸುಲೇಟ್ ಆ ಪತ್ರವನ್ನು ನೇರವಾಗಿ ಸ್ಟೇಟ್ ಡಿಪಾರ್ಟ್‌ಮೆಂಟಿಗೆ ಕಳಿಸುತ್ತದೆ. ನೀವೇ ಕವರಿನಲ್ಲಿ ಹಾಕಿ ಕಳಿಸಿದರೆ ಒಪ್ಪುವುದಿಲ್ಲ.

ನನ್ನದು 2018ರಲ್ಲಿ ಆಗಿದ್ದು. ಅಪ್ಪ ರಿಟೈರ್ಡ್ ಮೇಷ್ಟ್ರು. ತುಮಕೂರಿನಿಂದ ಬೆಳಗಿನ ಬಸ್ಸು ಹತ್ತಿ ಬೆಂಗಳೂರಿಗೆ ಬರೋರು, ಕೈಯಲ್ಲಿ ಒಂದು ರೆಕ್ಸಿನ್ ಬ್ಯಾಗು. ಒಂದು ಕಡೆ ನನ್ನ ಕಡತ ಮೂರು ತಿಂಗಳು ಅಲ್ಲಾಡಲೇ ಇಲ್ಲ. ಯಾಕೆ ಅಂತ ಯಾರೂ ಹೇಳಲಿಲ್ಲ. ನಾಲ್ಕನೇ ಸಲ ಹೋದಾಗ ಅಲ್ಲಿದ್ದ ಒಬ್ಬರು ಹೆಣ್ಣುಮಗಳು ಕಡತ ತೆಗೆಸಿ, ಬೆರಳಿಟ್ಟು ತೋರಿಸಿದರಂತೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಹಿಂದೆ ಎರಡು ಇನಿಷಿಯಲ್ ಅಷ್ಟೇ ಇದೆ. ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ಲು ಬಿಡಿಸಿಕೊಂಡು ಊರಿನ ಹೆಸರು, ಅಪ್ಪನ ಹೆಸರು ಆಗಿ ಕೂತಿದೆ. ಇಬ್ಬರೂ ಒಬ್ಬಳೇ ಅನ್ನೋದಕ್ಕೆ ಕಾಗದ ಎಲ್ಲಿ ಅಂತ ಪ್ರಶ್ನೆ. ಛಾಪಾ ಕಾಗದದ ಮೇಲೆ ಒಂದು ಅಫಿಡವಿಟ್ ಮಾಡಿಸಿ ನೋಟರಿ ಸೀಲ್ ಹಾಕಿಸಿ ಕೊಟ್ಟ ಮೇಲೆ ಕಡತ ಮುಂದೆ ಹೋಯಿತು. ನಮ್ಮ ಕಡೆ ಮುಕ್ಕಾಲು ಪಾಲು ಜನರ ಹೆಸರು ಹೀಗೇ ಇರುತ್ತದೆ ಅಲ್ವಾ? ಹಾಗಾಗಿ ನೋರಿಗೆ ಕೈ ಹಾಕುವವರು ಈ ಅಫಿಡವಿಟ್ಟನ್ನು ಮೊದಲೇ ಮಾಡಿಸಿ ಇಟ್ಟುಕೊಳ್ಳಿ. ಪ್ರತಿ ಸಲ ಏನಾದರೂ ಕೊಟ್ಟು ಬರುವಾಗ ನಕಲಿನ ಮೇಲೆ ಟಪಾಲಿನ ಸೀಲು, ತಾರೀಖು ಹಾಕಿಸಿಕೊಂಡೇ ಬರಲು ಹೇಳಿ.

ಹೊಸ ಲಿಸ್ಟ್ ಬಂದ ಮೇಲೆ ನೋರಿ ಬೇಕಾಗುವವರು ಕಡಿಮೆಯಾಗಿದ್ದಾರೆ. ನಮ್ಮ ಸರ್ಕಾರದ ದುಡ್ಡಿನಲ್ಲಿ ಬಂದವರಿಗೆ ಇದು ಕೆಲಸಕ್ಕೆ ಬರಬಹುದು, ಆದರೆ ಫೆಲೋಶಿಪ್ ಕೊಟ್ಟ ಸಂಸ್ಥೆಯ ಬಾಂಡ್ ಇದ್ದರೆ ಮೊದಲು ಅದನ್ನು ತೀರಿಸಬೇಕು. ಫುಲ್‌ಬ್ರೈಟ್‌ನಂಥ ಅಮೆರಿಕ ಸರ್ಕಾರದ ದುಡ್ಡಾದರೆ ನೋರಿ ಸಿಕ್ಕರೂ ಸ್ಟೇಟ್ ಡಿಪಾರ್ಟ್‌ಮೆಂಟ್ ಶಿಫಾರಸು ಮಾಡುವುದು ತುಂಬಾ ಅಪರೂಪ. ಅಂಥವರು ಕಾಗದ ಓಡಿಸುವುದಕ್ಕಿಂತ ಊರಿಗೆ ಬರುವ ಯೋಚನೆಯನ್ನೇ ಗಟ್ಟಿ ಮಾಡಿಕೊಳ್ಳುವುದು ಮೇಲು ಅಂತ ನನ್ನ ಅನಿಸಿಕೆ. ರೆಸಿಡೆನ್ಸಿಗೆ ಬಂದ ಡಾಕ್ಟರುಗಳಿಗಂತೂ ಕಾನೂನಿನಲ್ಲೇ ಈ ದಾರಿ ಇಲ್ಲ. 1977ರ ಜನವರಿ 10ರಿಂದ ಈಚೆಗೆ ವೈದ್ಯಕೀಯ ತರಬೇತಿಗೆ ಬಂದ ಯಾರಿಗೂ ಆಕ್ಷೇಪಣೆ ಇಲ್ಲ ಅನ್ನುವ ಪತ್ರದ ಮೇಲೆ ವೇವರ್ ಕೊಡುವಂತಿಲ್ಲ. ನನ್ನ ತಂಗಿಗೆ ನೋರಿ ಬೇಡ ಅಂದಿದ್ದು ಇದಕ್ಕೇ. ಎಂಬಿಬಿಎಸ್ ಓದಿ ಬರೀ ರಿಸರ್ಚ್‌ಗೆ ಬಂದವರು ಈ ಗುಂಪಿಗೆ ಸೇರುವುದಿಲ್ಲ.

ಕಷ್ಟದ ಆಧಾರ

ಅಮೆರಿಕದಲ್ಲೇ ಹುಟ್ಟಿ ಇಲ್ಲಿನ ಪ್ರಜೆಯಾದ ಮಗು ಇದೆ, ಹಾಗಾಗಿ ವೇವರ್ ಸಿಗುತ್ತದೆ ಅಂತ ಅಂದುಕೊಂಡವರಿಗೆ ಒಂದು ಮಾತು. ಎರಡು ವರ್ಷ ದೂರ ಇರಬೇಕಾಗುತ್ತದೆ ಅನ್ನುವ ನೋವು ಒಂದೇ ಸಾಲದು. ನೀವು ಎರಡು ಪ್ರಶ್ನೆಗೂ ಉತ್ತರ ಕೊಡಬೇಕು. ಮಗುವನ್ನು ಭಾರತಕ್ಕೆ ಕರೆದುಕೊಂಡು ಹೋದರೆ ಅದಕ್ಕೆ ಏನು ಅಸಾಧಾರಣ ತೊಂದರೆ? ಬಿಟ್ಟು ಹೋದರೆ ಏನು ತೊಂದರೆ? ಒಂದಕ್ಕೆ ಉತ್ತರ ಗಟ್ಟಿಯಾಗಿದ್ದು ಇನ್ನೊಂದಕ್ಕೆ ಸಡಿಲವಾದರೆ ಅರ್ಜಿ ಬೀಳುತ್ತದೆ. ಮಗುವಿಗೆ ಬಿಡದೆ ನಡೆಯಬೇಕಾದ ಚಿಕಿತ್ಸೆ ಇದೆ, ಅದರ ದಾಖಲೆ ಇದೆ ಅನ್ನುವಂಥವರಿಗೆ ಇದು ಸರಿ. ಇದಕ್ಕೆ ಅಮೆರಿಕದ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ಗೆ ಐ-612 ಹಾಕಬೇಕು. ಅವರು ಒಪ್ಪಿದ ಮೇಲೆ ಸ್ಟೇಟ್ ಡಿಪಾರ್ಟ್‌ಮೆಂಟಿಗೆ ಹೋಗುತ್ತದೆ. ಖರ್ಚು ಜಾಸ್ತಿ, ಕಾಯುವುದು ಜಾಸ್ತಿ, ವಕೀಲರಿಲ್ಲದೆ ಹೋಗಬೇಡಿ. ಡಾಕ್ಟರುಗಳೂ ಇದನ್ನು ಕೇಳಬಹುದು. ಕಿರುಕುಳದ ಆಧಾರ ಇನ್ನೂ ಬಿಗಿ. ಭಯ ಇದೆ ಅಂದರೆ ಸಾಲದು, ಕಿರುಕುಳ ಆಗಿಯೇ ಆಗುತ್ತದೆ ಅಂತ ತೋರಿಸಬೇಕು.

ಡಾಕ್ಟರುಗಳ ದಾರಿ

ಕಾನ್ರಾಡ್ ಅನ್ನುವುದು ನಾರ್ತ್ ಡಕೋಟದ ಸೆನೆಟರ್ ಕೆಂಟ್ ಕಾನ್ರಾಡ್ ಅವರ ಹೆಸರು. 1994ರಲ್ಲಿ ಶುರುವಾದಾಗ ವರ್ಷಕ್ಕೆ ಒಂದೊಂದು ರಾಜ್ಯಕ್ಕೆ 20 ಡಾಕ್ಟರುಗಳು, 2002ರಲ್ಲಿ ಅದು 30 ಆಯಿತು. ಕ್ಯಾಲಿಫೋರ್ನಿಯಾಗೂ 30, ಜನವೇ ಇಲ್ಲದ ವಯೋಮಿಂಗಿಗೂ 30. ಡಾಕ್ಟರುಗಳ ಕೊರತೆ ಇದೆ ಅಂತ ಸರ್ಕಾರ ಗುರುತಿಸಿದ ಜಾಗದಲ್ಲಿ, ವಾರಕ್ಕೆ 40 ಗಂಟೆಯಂತೆ ಮೂರು ವರ್ಷ ಎಚ್-1ಬಿಯಲ್ಲಿ ಕೆಲಸ ಮಾಡಬೇಕು. ಈ ಎಚ್-1ಬಿಗೆ ಲಾಟರಿ ಇಲ್ಲ. 30ರಲ್ಲಿ 10 ಜಾಗವನ್ನು ಕೊರತೆಯ ಪ್ರದೇಶದ ಹೊರಗಿದ್ದೂ ಅಲ್ಲಿನ ರೋಗಿಗಳನ್ನು ನೋಡುವ ಆಸ್ಪತ್ರೆಗಳಿಗೆ ರಾಜ್ಯಗಳು ಕೊಡಬಹುದು. ಸ್ಪೆಷಲಿಸ್ಟುಗಳು ಕಣ್ಣಿಡಬೇಕಾದ್ದು ಈ ಹತ್ತರ ಮೇಲೆ.

ಮೂರು ವರ್ಷ ಮುಗಿಯುವ ತನಕ ಗ್ರೀನ್ ಕಾರ್ಡ್ ಕೈಗೆ ಬರುವುದಿಲ್ಲ. ಮಧ್ಯದಲ್ಲಿ ಬಿಟ್ಟರೆ, ಆಸ್ಪತ್ರೆ ಮುಚ್ಚಿಹೋಯಿತು ಅನ್ನುವಂಥ ಬಲವಾದ ಕಾರಣ ಇಲ್ಲದಿದ್ದರೆ, ಎರಡು ವರ್ಷದ ನಿಯಮ ಮತ್ತೆ ತಲೆ ಮೇಲೆ ಬರುತ್ತದೆ. ಆದ್ದರಿಂದ ಇಲ್ಲಿ ಆರಿಸುವುದು ರಾಜ್ಯವನ್ನಲ್ಲ, ಕೆಲಸ ಕೊಡುವವರನ್ನು. ತಂಗಿಗೆ ಮೂರು ಕಡೆಯಿಂದ ಆಫರ್ ಬಂದಿತ್ತು. ಜಾಸ್ತಿ ಸಂಬಳದ ಕಾಗದದಲ್ಲಿ ಒಂದು ಪ್ಯಾರಾ ಹೀಗಿತ್ತು: ಅವಧಿಗೆ ಮುಂಚೆ ಬಿಟ್ಟರೆ ಇಷ್ಟು ಪರಿಹಾರ ಕಟ್ಟಬೇಕು. ರಾತ್ರಿ ಕಾಲ್ ಡ್ಯೂಟಿ ಎಷ್ಟು ಅಂತ ಮಾತ್ರ ಎಲ್ಲೂ ಬರೆದಿರಲಿಲ್ಲ. ನಾವಿಬ್ಬರೂ ಆ ಒಪ್ಪಂದವನ್ನು ಫೋನಿನಲ್ಲೇ ಸಾಲು ಸಾಲಾಗಿ ಓದಿದೆವು. "ಅಕ್ಕಾ, ಇಲ್ಲಿ ಹಿಂದೆ ಇದ್ದ ಡಾಕ್ಟರ್ ಯಾಕೆ ಬಿಟ್ಟರು ಅಂತ ಕೇಳಿದ್ರೆ ತಪ್ಪಾಗುತ್ತಾ?" ಅಂದಳು. ಕೇಳಲೇಬೇಕು ಅಂದೆ. ಎರಡನೇ ಜಾಗದವರು ಅದಕ್ಕೆ ನೇರವಾಗಿ ಉತ್ತರ ಕೊಟ್ಟರು, ಹಿಂದಿನವರ ಫೋನ್ ನಂಬರನ್ನೂ ಕೊಟ್ಟರು. ಅವಳು ಅಲ್ಲಿಗೇ ಸೇರಿದಳು, ಸಂಬಳ ಕಡಿಮೆಯಾದರೂ.

ಕಾನ್ರಾಡ್ ಒಂದೇ ಅಲ್ಲ. ಅಪಲೇಚಿಯನ್ ಬೆಟ್ಟಸಾಲಿನ 13 ರಾಜ್ಯಗಳ ಪ್ರದೇಶಕ್ಕೆ ಅಪಲೇಚಿಯನ್ ರೀಜನಲ್ ಕಮಿಷನ್, ಮಿಸಿಸಿಪ್ಪಿ ಕಣಿವೆ ಕಡೆಯ 8 ರಾಜ್ಯಗಳ ಪ್ರದೇಶಕ್ಕೆ ಡೆಲ್ಟಾ ರೀಜನಲ್ ಅಥಾರಿಟಿ ಶಿಫಾರಸು ಮಾಡುತ್ತವೆ. ಮಾಜಿ ಸೈನಿಕರ ವಿಎ ಆಸ್ಪತ್ರೆಗಳೂ ಮಾಡುತ್ತವೆ. ಅಮೆರಿಕದ ಆರೋಗ್ಯ ಇಲಾಖೆ ಪ್ರೈಮರಿ ಕೇರ್ ಮತ್ತು ಸೈಕಿಯಾಟ್ರಿಯವರಿಗೆ ಶಿಫಾರಸು ಕೊಡುತ್ತದೆ. ಇವಕ್ಕೆ 30ರ ಮಿತಿ ಇಲ್ಲ. ದೊಡ್ಡ ರಾಜ್ಯಗಳಲ್ಲಿ 30 ಬೇಗ ತುಂಬಿಬಿಡುತ್ತದೆ, ಆಗ ಈ ದಾರಿಗಳು ಕೈ ಹಿಡಿಯುತ್ತವೆ. ಇನ್ನೊಂದು, ಕಾನ್ರಾಡ್ ಕಾಯಂ ಕಾನೂನಲ್ಲ. ಸಂಸತ್ತು ಆಗಾಗ ಅವಧಿ ವಿಸ್ತರಿಸುತ್ತ ಬಂದಿದೆ. ಹೊಸದಾಗಿ ಜೆ-1ಗೆ ಬರುವವರು ಈಗಿನ ಸ್ಥಿತಿ ಏನು ಅಂತ ನೋಡಿಕೊಂಡೇ ಲೆಕ್ಕ ಹಾಕಿ.

ಊರಿಗೆ ಬಂದು ಎರಡು ವರ್ಷ

ಇದನ್ನು ಯಾರೂ ಆಯ್ಕೆ ಅಂತಲೇ ಎಣಿಸುವುದಿಲ್ಲ. ನನಗೆ ಅದು ಸರಿ ಕಾಣುವುದಿಲ್ಲ. ರೆಸಿಡೆನ್ಸಿಗೆ ಬರುವ ಪ್ರತಿ ಡಾಕ್ಟರೂ ದೆಹಲಿಯ ಆರೋಗ್ಯ ಸಚಿವಾಲಯದಿಂದ ಸ್ಟೇಟ್‌ಮೆಂಟ್ ಆಫ್ ನೀಡ್ ತಂದಿರುತ್ತಾರೆ. ನಿಮ್ಮ ಓದು ನಮ್ಮ ದೇಶಕ್ಕೆ ಬೇಕು ಅಂತ ಅದರಲ್ಲಿ ಬರೆದಿರುತ್ತದೆ, ಆ ಮಾತು ಸುಳ್ಳಲ್ಲ. ವಯಸ್ಸಾದ ತಂದೆ ತಾಯಿ ಇದ್ದಾರೆ, ಮಕ್ಕಳು ಇನ್ನೂ ಚಿಕ್ಕವರು ಅಂದರೆ ಎರಡು ವರ್ಷ ನಷ್ಟವಾಗಬೇಕಿಲ್ಲ. ವಿಜ್ಞಾನಿಗಳಿಗೆ ಜೈವಿಕ ತಂತ್ರಜ್ಞಾನ ಇಲಾಖೆಯ ರಾಮಲಿಂಗಸ್ವಾಮಿ ಫೆಲೋಶಿಪ್ ಇರುವುದೇ ಹೊರಗಿನಿಂದ ವಾಪಸ್ ಬರುವವರಿಗಾಗಿ.

ಎರಡು ವರ್ಷ ಒಂದೇ ಸಮ ಇರಬೇಕಾಗಿಲ್ಲ, ಕೂಡಿಸಿ ಎರಡು ವರ್ಷ ಆದರೆ ಆಯಿತು. ಆದರೆ ಎಣಿಕೆಗೆ ಬರುವುದು ಭಾರತದ ನೆಲದ ಮೇಲೆ ಇದ್ದ ದಿನ ಮಾತ್ರ. ದುಬೈನಲ್ಲಿ ಕೆಲಸ ಮಾಡಿದ್ದು, ಸಿಂಗಪುರದ ಕಾನ್ಫರೆನ್ಸಿಗೆ ಹೋಗಿದ್ದು ಸೇರುವುದಿಲ್ಲ. ಮೈಸೂರಿಗೆ ವಾಪಸ್ ಬಂದ ನನ್ನ ಗೆಳತಿ ಒಂದು ಉದ್ದ ನೋಟ್‌ಬುಕ್ ಇಟ್ಟಿದ್ದಳು. ಎಡಪುಟದಲ್ಲಿ ಹೋದ ತಾರೀಖು, ಬಂದ ತಾರೀಖು, ಕಳೆಯಬೇಕಾದ ದಿನ. ಬಲಪುಟದಲ್ಲಿ ಬೋರ್ಡಿಂಗ್ ಪಾಸ್ ಅಂಟಿಸಿದ್ದು. ಬೋರ್ಡಿಂಗ್ ಪಾಸಿನ ಶಾಯಿ ಮಾಸಿಹೋಗುತ್ತದೆ ಅಂತ ಅದರ ಪಕ್ಕ ಒಂದು ಜೆರಾಕ್ಸ್ ಬೇರೆ. ಸಂಬಳದ ಚೀಟಿ, ಬಾಡಿಗೆ ಕರಾರು, ಕರೆಂಟ್ ಬಿಲ್ಲು ಎಲ್ಲವನ್ನೂ ಒಂದು ಫೈಲಿನಲ್ಲಿ ಇಟ್ಟಿದ್ದಳು. ಎಚ್-1ಬಿ ಇಂಟರ್‌ವ್ಯೂನಲ್ಲಿ ಕೇಳಿದಾಗ ಅದನ್ನೇ ಮುಂದಿಟ್ಟಳು.

ಅವಳ ಕಾಲಕ್ಕೂ ಈಗಿಗೂ ಒಂದು ವ್ಯತ್ಯಾಸ ಇದೆ, ಅದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. 2025ರ ಸೆಪ್ಟೆಂಬರ್ 21ರಿಂದ ಅಮೆರಿಕದ ಹೊರಗಿರುವವರಿಗೆ ಸಲ್ಲಿಸುವ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಕಟ್ಟಬೇಕು ಅನ್ನುವ ಅಧ್ಯಕ್ಷರ ಘೋಷಣೆ ಬಂತು. ಮೊದಲಿಗೆ ಹೇಳಿದ್ದು 12 ತಿಂಗಳಿಗೆ. ಒಳಗೇ ಇದ್ದು ಸ್ಟೇಟಸ್ ಬದಲಿಸುವವರಿಗೆ ಇದು ತಗಲುವುದಿಲ್ಲ ಅಂತ ಯುಎಸ್‌ಸಿಐಎಸ್ ಆಮೇಲೆ ಹೇಳಿತು. ಹಾಗಾಗಿ ಎರಡು ವರ್ಷ ಇದ್ದು ಎಚ್-1ಬಿಯಲ್ಲೇ ವಾಪಸ್ ಹೋಗುತ್ತೇನೆ ಅನ್ನುವವರು, ಹೊರಡುವ ಮೊದಲು ಆ ಘೋಷಣೆ ಈಗ ಎಲ್ಲಿಗೆ ಬಂದು ನಿಂತಿದೆ ಅಂತ ನೋಡಿಕೊಳ್ಳಿ.

ಒ-1 ಮುಂದೂಡುತ್ತದೆ ಅಷ್ಟೇ

ಒಳ್ಳೆಯ ಪೇಪರುಗಳು, ಹೆಸರು ಇರುವವರಿಗೆ ವಕೀಲರು ವಿಶೇಷ ಸಾಧನೆ ಮಾಡಿದವರಿಗೆ ಕೊಡುವ ಒ-1 ವೀಸಾ ಹೇಳುತ್ತಾರೆ. ಎರಡು ವರ್ಷದ ನಿಯಮ ಒ-1ಗೆ ಅಡ್ಡ ಬರುವುದಿಲ್ಲ, ನಿಜ. ಆದರೆ ದೇಶದಿಂದ ಹೊರಗೆ ಹೋಗಿ ವೀಸಾ ಸ್ಟ್ಯಾಂಪಿಂಗ್ ಮಾಡಿಸಿಕೊಂಡೇ ಬರಬೇಕು. ನಿಯಮ ಹಾಗೇ ಉಳಿದಿರುತ್ತದೆ, ಗ್ರೀನ್ ಕಾರ್ಡ್ ಹೊತ್ತಿಗೆ ಮತ್ತೆ ಎದುರಾಗುತ್ತದೆ. ಮನೆಯಲ್ಲಿ ಇನ್ನೊಂದು ವಿಷಯ ಮಾತಾಡಿಕೊಳ್ಳಿ. ಜೆ-2ನಲ್ಲಿರುವ ಗಂಡ ಅಥವಾ ಹೆಂಡತಿ ಪರ್ಮಿಟ್ ತೆಗೆದುಕೊಂಡು ಕೆಲಸ ಮಾಡಬಹುದು, ಒ-1ನವರ ಕುಟುಂಬಕ್ಕೆ ಸಿಗುವ ಒ-3ಗೆ ಬಂದರೆ ಮಾಡುವಂತಿಲ್ಲ.

ಯಾವಾಗ ಹಾಕಬೇಕು

ಯಾವ ದಾರಿ ಹಿಡಿದರೂ ಈ ತಪ್ಪು ಮಾಡಬೇಡಿ. ಸ್ಟೇಟ್ ಡಿಪಾರ್ಟ್‌ಮೆಂಟ್ ವೇವರ್‌ಗೆ ಶಿಫಾರಸು ಮಾಡಿದ ಮೇಲೆ ನಿಮ್ಮ ಜೆ-1 ಅವಧಿಯನ್ನು ವಿಸ್ತರಿಸಲು ಬರುವುದಿಲ್ಲ. ರಿಸರ್ಚ್ ಸ್ಕಾಲರ್‌ಗೆ ಒಟ್ಟು ಐದು ವರ್ಷ ಸಿಗುತ್ತದೆ. ನಮ್ಮ ಲ್ಯಾಬಿನ ಒಬ್ಬ ಹುಡುಗ ಮೂರನೇ ವರ್ಷದಲ್ಲೇ ಉತ್ಸಾಹದಿಂದ ವೇವರ್ ಹಾಕಿದ. ಬೇಗನೆ ಬಂತು ಕೂಡ, ಎಲ್ಲರಿಗೂ ಸಿಹಿ ಹಂಚಿದ. ಅವನ ಡಿಎಸ್-2019 ಮುಗಿಯಲು ಐದು ತಿಂಗಳಿತ್ತು. ಎರಡು ವರ್ಷ ವಿಸ್ತರಿಸಿಕೊಳ್ಳಬಹುದಿತ್ತು, ಆಗ ಆಗಲಿಲ್ಲ. ಎಚ್-1ಬಿಗೆ ಕಾಗದ ತಯಾರಾಗುವ ಹೊತ್ತಿಗೆ ಅವಧಿ ಮುಗಿದು ವಿಮಾನ ಹತ್ತಬೇಕಾಯಿತು. ವೇವರ್ ಅನ್ನುವುದು ಸ್ಟೇಟಸ್ ಅಲ್ಲ, ಅದರ ಮೇಲೆ ಒಂದು ದಿನವೂ ಉಳಿಯುವ ಹಾಗಿಲ್ಲ. ಮೊದಲು ಡಿಎಸ್-2019 ಎಷ್ಟು ವಿಸ್ತರಿಸಬಹುದೋ ಅಷ್ಟು ವಿಸ್ತರಿಸಿಕೊಳ್ಳಿ, ಎಚ್-1ಬಿ ಯಾರು ಹಾಕುತ್ತಾರೆ ಅಂತ ಖಚಿತ ಮಾಡಿಕೊಳ್ಳಿ, ಆಮೇಲೆ ಅರ್ಜಿ.

ಡಾಕ್ಟರುಗಳಿಗೆ ಲೆಕ್ಕ ತಿರುಗಾ ಮುರುಗಾ. ಅವರು ಬೇಗ ಶುರು ಮಾಡಬೇಕು. ಬಹಳಷ್ಟು ರಾಜ್ಯಗಳು ಅಕ್ಟೋಬರ್ 1ರ ಹೊತ್ತಿಗೆ ಅರ್ಜಿ ತೆಗೆದುಕೊಳ್ಳಲು ಶುರು ಮಾಡುತ್ತವೆ. ಅಷ್ಟರಲ್ಲಿ ಸಹಿ ಆದ ಒಪ್ಪಂದ ಕೈಯಲ್ಲಿರಬೇಕು, ಅಂದರೆ ಅದಕ್ಕಿಂತ ಆರೆಂಟು ತಿಂಗಳು ಮುಂಚೆಯೇ ಕೆಲಸ ಹುಡುಕಬೇಕು. ವೇವರ್ ಬಂದ 90 ದಿನದೊಳಗೆ ಕೆಲಸಕ್ಕೆ ಸೇರಲು ಒಪ್ಪಿರಬೇಕು. ತಂಗಿ ಫೋನ್ ಮಾಡಿದ್ದು ಜೂನ್ ತಿಂಗಳಲ್ಲಿ. ತಡವಾಗಿತ್ತು. ಜುಲೈ, ಆಗಸ್ಟಿನಲ್ಲಿ ರಾತ್ರಿ ಡ್ಯೂಟಿ ಮುಗಿಸಿ ಬಂದು ಬೆಳಿಗ್ಗೆ ಇಂಟರ್‌ವ್ಯೂ ಕೊಟ್ಟಳು, ಒಪ್ಪಂದಕ್ಕೆ ಸಹಿ ಬಿದ್ದದ್ದು ಸೆಪ್ಟೆಂಬರ್ ಮೂರನೇ ವಾರ, ಅರ್ಜಿಯ ಕಟ್ಟು ರಾಜ್ಯದ ಆರೋಗ್ಯ ಇಲಾಖೆ ತಲುಪಿದ್ದು ಅಕ್ಟೋಬರ್ 1ರ ಬೆಳಿಗ್ಗೆ.